ಅಲ್ಗೊಂಕ್ವಿನ್ ಉದ್ಯಾನದ ಸರೋವರದ ದಡದಲ್ಲಿ ಸಂಸಾರ ಸಮೇತ ಬಿಡಾರ: ಒಂದು ಮಾರ್ಗದರ್ಶಿ

ಟೊರಾಂಟೊ, ಮಿಸಿಸಾಗಾ, ಬ್ರಾಂಪ್ಟನ್ ಸುತ್ತಮುತ್ತ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಬೇಸಿಗೆಯ ಎರಡು ತಿಂಗಳು ಬಹಳ ಮುಖ್ಯವಾದವು. ಮಕ್ಕಳಿಗೆ ಶಾಲೆಯಿಲ್ಲ, ಊರಿನಿಂದ ಬಂದ ಅಜ್ಜ-ಅಜ್ಜಿ ಮನೆಯಲ್ಲಿರುತ್ತಾರೆ, ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ನಯಾಗರಾ ನೋಡಿ ಮುಗಿದ ಮೇಲೆ ಮೂರು ತಲೆಮಾರಿನವರೂ ಒಟ್ಟಿಗೆ ಎರಡು ಮೂರು ದಿನ ಕಳೆಯಬಹುದಾದ ಜಾಗ ಯಾವುದೆಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಅಲ್ಗೊಂಕ್ವಿನ್ ಪ್ರಾಂತೀಯ ಉದ್ಯಾನದ ಹೆಸರನ್ನು. 1893ರಲ್ಲಿ ಸ್ಥಾಪನೆಯಾದ ಇದು ಒಂಟಾರಿಯೊದ ಮೊದಲ ಪ್ರಾಂತೀಯ ಉದ್ಯಾನ. 7,600 ಚದರ ಕಿಲೋಮೀಟರಿಗೂ ಹೆಚ್ಚು ವಿಸ್ತಾರವಿರುವ, ಅಂದರೆ ನಮ್ಮ ಶಿವಮೊಗ್ಗ ಜಿಲ್ಲೆಗಿಂತ ತುಸುವೇ ಚಿಕ್ಕದಾದ ಈ ಕಾಡಿನಲ್ಲಿ ಸಾವಿರದ ಐನೂರಕ್ಕೂ ಹೆಚ್ಚು ಸರೋವರಗಳಿವೆ. ಇದರ ಬಹುಭಾಗವನ್ನು ದೋಣಿಯಲ್ಲಿ ಅಥವಾ ಕಾಲ್ನಡಿಗೆಯಲ್ಲಿ ಮಾತ್ರ ತಲುಪಬಹುದು. ಆದರೆ ದಕ್ಷಿಣ ಭಾಗವನ್ನು ಹೆದ್ದಾರಿ 60 ಸುಮಾರು 56 ಕಿಲೋಮೀಟರ್ ಉದ್ದಕ್ಕೆ ಹಾದುಹೋಗುತ್ತದೆ. ಆ ರಸ್ತೆಯ ಬದಿಯ ಸರೋವರಗಳ ದಡದಲ್ಲಿ ಕಾರನ್ನು ಟೆಂಟಿನ ಪಕ್ಕದವರೆಗೂ ಒಯ್ಯಬಹುದಾದ ಬಿಡಾರದ ತಾಣಗಳಿವೆ. ಚಿಕ್ಕ ಮಕ್ಕಳೂ ವಯಸ್ಸಾದವರೂ ಇರುವ ಕುಟುಂಬ ಮೊದಲ ಸಲ ಹೋಗಬೇಕಾದದ್ದು ಅಲ್ಲಿಗೇ.

ಮೊದಲ ಸಲ ಹೋಗುವವರು ಸಾಮಾನ್ಯವಾಗಿ ಹಗಲಿನ ಬಗ್ಗೆ ಯೋಚಿಸಿ ಸಾಮಾನು ಕಟ್ಟುತ್ತಾರೆ: ಈಜುಡುಪು, ಚೆಂಡು, ಕುರುಕಲು ತಿಂಡಿ, ಕ್ಯಾಮೆರಾ. ಹಗಲಿಗೆ ಅಷ್ಟೊಂದು ಏರ್ಪಾಡು ಬೇಕಿಲ್ಲ. ನೀರು, ಮರಳು, ಮರದ ನೆರಳು ಇದ್ದರೆ ಮಕ್ಕಳಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಕುಟುಂಬಗಳು ಕಷ್ಟಪಡುವುದು ರಾತ್ರಿ. ಚಳಿಗೆ ನಿದ್ದೆ ಬಾರದ ಅಜ್ಜಿ, ಕತ್ತಲಲ್ಲಿ ಶೌಚಾಲಯಕ್ಕೆ ಹೋಗಲು ಹೆದರುವ ಮಗು, ಮೇಜಿನ ಮೇಲೆ ಮರೆತ ಹಣ್ಣಿನ ಬುಟ್ಟಿಗೆ ಬರುವ ಪ್ರಾಣಿ, ನೆಲದಡಿಯಿಂದ ಒಳಗೆ ಬರುವ ಮಳೆನೀರು, ಇವೆಲ್ಲ ಕತ್ತಲಾದ ಮೇಲಿನ ತೊಂದರೆಗಳು. ಆದ್ದರಿಂದ ಈ ಲೇಖನದ ಹೆಚ್ಚಿನ ಭಾಗ ರಾತ್ರಿಯ ಸಿದ್ಧತೆಯ ಕುರಿತಾಗಿಯೇ ಇದೆ.

ಯಾವಾಗ ಹೋಗಬೇಕು

ಮೇ ತಿಂಗಳ ನಡುವಿನಿಂದ ಜೂನ್ ಕೊನೆಯವರೆಗೆ ಈ ಕಾಡಿನಲ್ಲಿ ಕರಿನೊಣಗಳ ಕಾಟ. ಹರಿಯುವ ನೀರಿನಲ್ಲಿ ಹುಟ್ಟುವ ಈ ಪುಟ್ಟ ನೊಣಗಳು ಕಿವಿಯ ಹಿಂದೆ, ಕೂದಲಿನ ಅಂಚಿನಲ್ಲಿ, ಕಾಲುಚೀಲದ ಮೇಲುಭಾಗದಲ್ಲಿ ರಕ್ತ ಬರುವಂತೆ ಕಚ್ಚುತ್ತವೆ, ಕಚ್ಚಿದ ಜಾಗ ದಿನಗಟ್ಟಲೆ ಊದಿಕೊಂಡಿರುತ್ತದೆ. ಅವು ಕಡಿಮೆಯಾಗುವ ಹೊತ್ತಿಗೆ ಸೊಳ್ಳೆಗಳು ಹೆಚ್ಚುತ್ತವೆ. ರಸ್ತೆಬದಿಯಲ್ಲಿ ಮೂಸ್ ಎಂಬ ಭಾರಿ ಗಾತ್ರದ ಜಿಂಕೆ ಜಾತಿಯ ಪ್ರಾಣಿಯನ್ನು ನೋಡಲು ಮೇ-ಜೂನ್ ಒಳ್ಳೆಯ ಕಾಲ. ಚಳಿಗಾಲದಲ್ಲಿ ರಸ್ತೆಗೆ ಹಾಕಿದ ಉಪ್ಪು ಕರಗಿ ಚರಂಡಿಯ ನೀರಿಗೆ ಸೇರಿರುವುದರಿಂದ ಅದನ್ನು ಕುಡಿಯಲು ಅವು ಅಲ್ಲಿಗೆ ಬರುತ್ತವೆ. ಅದನ್ನು ನೋಡಬೇಕೆಂಬ ಆಸೆಯಿದ್ದರೆ ಆ ತಿಂಗಳುಗಳಲ್ಲಿ ಒಂದು ದಿನದ ಮಟ್ಟಿಗೆ ಹೋಗಿ ಬನ್ನಿ. ಮಕ್ಕಳೊಂದಿಗೆ ಉಳಿಯುವುದನ್ನು ಮುಂದಕ್ಕೆ ಹಾಕಿ. ಜುಲೈ ಎರಡನೇ ವಾರದಿಂದ ಆಗಸ್ಟ್ ಕೊನೆಯವರೆಗಿನ ಕಾಲ ಸಂಸಾರಸ್ಥರಿಗೆ ಸೂಕ್ತ, ಅದರಲ್ಲಿಯೂ ಆಗಸ್ಟ್ ಉತ್ತಮ: ನೀರು ಬೆಚ್ಚಗಾಗಿರುತ್ತದೆ, ಕೀಟಗಳು ತಗ್ಗಿರುತ್ತವೆ. ಆಗಸ್ಟಿನ ಗುರುವಾರಗಳಂದು ಇನ್ನೊಂದು ಆಕರ್ಷಣೆಯಿದೆ. ಹಿಂದಿನ ರಾತ್ರಿ ತೋಳಗಳ ಗುಂಪೊಂದು ರಸ್ತೆಗೆ ಸಮೀಪದಲ್ಲಿ ಇರುವುದು ಖಚಿತವಾದರೆ, ಉದ್ಯಾನದ ಪ್ರಕೃತಿ ಪರಿಣತರು ಜನರನ್ನು ಆ ಜಾಗಕ್ಕೆ ಕರೆದೊಯ್ದು, ತಾವೇ ತೋಳದಂತೆ ಊಳಿಟ್ಟು, ಕಾಡಿನಿಂದ ಬರುವ ಉತ್ತರವನ್ನು ಕೇಳಿಸುತ್ತಾರೆ. 1963ರಿಂದ ನಡೆದುಬಂದಿರುವ ಈ ಕಾರ್ಯಕ್ರಮ ಪ್ರತಿ ವಾರವೂ ನಡೆಯುತ್ತದೆಂಬ ಭರವಸೆಯಿಲ್ಲ. ಅಲ್ಲಿಗೆ ಹೋದ ಮೇಲೆ ಸೂಚನಾ ಫಲಕ ನೋಡಿ ತಿಳಿದುಕೊಳ್ಳಬೇಕು.

ಸೆಪ್ಟೆಂಬರ್ ಕೊನೆಯಲ್ಲಿ ಮೇಪಲ್ ಎಲೆಗಳು ಕೆಂಪಾದಾಗ ಜನಸಂದಣಿ ವಿಪರೀತ, ರಾತ್ರಿಯ ಚಳಿಯೂ ಜಾಸ್ತಿ. ಆಗ ಹಗಲಿನಲ್ಲಿ ಹೋಗಿ ಬರುವುದೇ ಸರಿ, ಅದಕ್ಕೂ ವಾಹನದ ದಿನದ ಪರವಾನಗಿಯನ್ನು ಮೊದಲೇ ಪಡೆದಿರಬೇಕು. ಈ ಪರವಾನಗಿ ಭೇಟಿಯ ದಿನಕ್ಕೆ ಐದು ದಿನ ಮೊದಲಿನಿಂದ ಸಿಗುತ್ತದೆ.

ಜಾಗ ಕಾಯ್ದಿರಿಸುವುದು

ಒಂಟಾರಿಯೊ ಪಾರ್ಕ್ಸ್‌ನ ಜಾಲತಾಣದಲ್ಲಿ, ನೀವು ಬಂದಿಳಿಯುವ ದಿನಕ್ಕೆ ಸರಿಯಾಗಿ ಐದು ತಿಂಗಳು ಮೊದಲು, ಬೆಳಿಗ್ಗೆ ಏಳು ಗಂಟೆಗೆ ಕಾಯ್ದಿರಿಸುವಿಕೆ ಆರಂಭವಾಗುತ್ತದೆ. ಆಗಸ್ಟ್ 10ಕ್ಕೆ ಹೋಗಬೇಕೆಂದಿದ್ದರೆ ಮಾರ್ಚ್ 10ರ ಬೆಳಿಗ್ಗೆ ಲಾಗಿನ್ ಆಗಿ ಕುಳಿತಿರಬೇಕು. ವಾರಾಂತ್ಯದ ಒಳ್ಳೆಯ ಜಾಗಗಳು ಬೇಗನೆ ಮುಗಿದುಹೋಗುತ್ತವೆ; ಭಾನುವಾರದಿಂದ ಬುಧವಾರದವರೆಗಿನ ದಿನಗಳು ಸಿಗುವುದು ಸುಲಭ, ಗದ್ದಲವೂ ಕಡಿಮೆ. ಜಾಗ ಸಿಗಲಿಲ್ಲವೆಂದು ಕೈಬಿಡಬೇಡಿ. ಬೇಸಿಗೆಯುದ್ದಕ್ಕೂ ಜನ ರದ್ದು ಮಾಡುತ್ತಲೇ ಇರುತ್ತಾರೆ, ಮಧ್ಯೆ ಮಧ್ಯೆ ನೋಡುತ್ತಿದ್ದರೆ ದಕ್ಕುವುದುಂಟು.

ತಾಣಗಳಲ್ಲಿ ಮೊದಲ ಸಲಕ್ಕೆ ನನ್ನ ಆಯ್ಕೆ ಲೇಕ್ ಆಫ್ ಟೂ ರಿವರ್ಸ್. ಹೆದ್ದಾರಿಯ ಪಶ್ಚಿಮ ದ್ವಾರದಿಂದ ಸುಮಾರು 32ನೇ ಕಿಲೋಮೀಟರಿನಲ್ಲಿರುವ ಇದು ಈ ಸಾಲಿನ ದೊಡ್ಡ ತಾಣಗಳಲ್ಲೊಂದು. ಮರಳಿನ ದಡ, ಬಿಸಿನೀರಿನ ಸ್ನಾನಗೃಹ, ಫ್ಲಶ್ ಇರುವ ಶೌಚಾಲಯ ಇವೆ, ಅಂಗಡಿಯೂ ಹತ್ತಿರದಲ್ಲೇ ಇದೆ. ನಿಶ್ಶಬ್ದ ಬೇಕೆನ್ನುವವರಿಗೆ ಇದು ಹೆಚ್ಚು ಜನರಿರುವ ಜಾಗವೆನಿಸಬಹುದು. ಅಂಥವರಿಗೆ ಇನ್ನೂ ಐದಾರು ಕಿಲೋಮೀಟರ್ ಮುಂದಿರುವ ಪಾಗ್ ಲೇಕ್ ಹಿಡಿಸುತ್ತದೆ. ಅಜ್ಜ-ಅಜ್ಜಿಗೆ ನೆಲದ ಮೇಲೆ ಮಲಗುವುದು ಸಾಧ್ಯವೇ ಇಲ್ಲವೆಂದಾದರೆ ಪಕ್ಕದ ಮ್ಯೂ ಲೇಕ್‌ನಲ್ಲಿರುವ ಯರ್ಟ್‌ಗಳನ್ನು ನೋಡಿ. ದಪ್ಪ ಬಟ್ಟೆಯ ಗೋಡೆ, ಮರದ ನೆಲ, ಮಂಚ, ವಿದ್ಯುತ್, ಹೀಟರ್ ಇರುವ ಈ ದುಂಡು ಮನೆಗಳು ಕೆಲವೇ ಇವೆ. ಅದಕ್ಕೇ ಎಲ್ಲಕ್ಕಿಂತ ಮೊದಲು ಖಾಲಿಯಾಗುತ್ತವೆ.

ನಕ್ಷೆಯಲ್ಲಿ ನಿರ್ದಿಷ್ಟ ಜಾಗವನ್ನು ಆರಿಸುವಾಗ ಎಲ್ಲರ ಕಣ್ಣೂ ನೀರಿನಂಚಿನ ಜಾಗದ ಮೇಲಿರುತ್ತದೆ. ಹಿರಿಯರೂ ಮಕ್ಕಳೂ ಇರುವವರು ಅದಕ್ಕಿಂತ ಶೌಚಾಲಯದ ದೂರವನ್ನು ಮೊದಲು ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ರಾತ್ರಿ ಎರಡು ಗಂಟೆಗೆ ನಡೆಯಬೇಕಾದ ದಾರಿ ನೂರು ಹೆಜ್ಜೆಯೊಳಗಿರಲಿ. ಹಾಗೆಂದು ತೀರ ಎದುರಿಗೇ ಇದ್ದರೆ ದೀಪದ ಬೆಳಕು, ಬಾಗಿಲಿನ ಸದ್ದು ನಿದ್ದೆ ಕೆಡಿಸುತ್ತವೆ. ಚಿಕ್ಕ ಮಕ್ಕಳಿದ್ದರೆ ನೀರಿನಂಚಿನ ಜಾಗವೇ ಬೇಡ, ಇಡೀ ದಿನ ಒಬ್ಬರು ಕಾವಲು ನಿಲ್ಲಬೇಕಾಗುತ್ತದೆ. ಯಾರಿಗಾದರೂ ಉಸಿರಾಟದ ಯಂತ್ರ ಹಾಕಿಕೊಂಡು ಮಲಗುವ ಅಗತ್ಯವಿದ್ದರೆ ವಿದ್ಯುತ್ ಸಂಪರ್ಕವಿರುವ ಜಾಗವನ್ನೇ ಕಾಯ್ದಿರಿಸಿ. ಒಂದು ಜಾಗಕ್ಕೆ ಸಾಮಾನ್ಯವಾಗಿ ಆರು ಜನರ ಮಿತಿಯಿದೆ, ಶುಲ್ಕದಲ್ಲಿ ಒಂದು ಕಾರು ಸೇರಿರುತ್ತದೆ. ಎರಡು ಸಂಸಾರಗಳು ಕೂಡಿ ಹೋಗುವುದಾದರೆ ಅಕ್ಕಪಕ್ಕದ ಎರಡು ಜಾಗಗಳನ್ನು ತೆಗೆದುಕೊಳ್ಳಬೇಕು.

ಸಾಮಾನು ಕಟ್ಟುವುದು

ಜುಲೈನಲ್ಲಿ ಹಗಲು 25 ಡಿಗ್ರಿಯಿದ್ದರೂ ರಾತ್ರಿ ಹತ್ತರ ಆಸುಪಾಸಿಗೆ ಇಳಿಯುವುದುಂಟು, ಆಗಸ್ಟ್ ಕೊನೆಗೆ ಇನ್ನೂ ಕೆಳಗೆ. ಟೆಂಟಿನಲ್ಲಿ ಚಳಿ ಹಿಡಿಯುವುದು ಮೇಲಿನಿಂದ ಎಂದು ಭಾವಿಸಿ ಹೊದಿಕೆಯ ಮೇಲೆ ಹೊದಿಕೆ ಒಯ್ಯುವವರಿದ್ದಾರೆ, ಆದರೆ ದೇಹದ ಶಾಖವನ್ನು ಹೆಚ್ಚಾಗಿ ಹೀರಿಕೊಳ್ಳುವುದು ಕೆಳಗಿನ ತಣ್ಣನೆಯ ನೆಲ. ಗಾಳಿ ತುಂಬುವ ದಪ್ಪ ಹಾಸಿಗೆಯೊಳಗಿನ ಗಾಳಿಯೂ ರಾತ್ರಿಯಲ್ಲಿ ತಣ್ಣಗಾಗುತ್ತದೆ. ಆದ್ದರಿಂದ ಅದರ ಮೇಲೆ ಒಂದು ಫೋಮ್ ಚಾಪೆ ಅಥವಾ ಮನೆಯ ದಪ್ಪ ರಜಾಯಿಯನ್ನು ಹಾಸಿ, ಅದರ ಮೇಲೆ ಸ್ಲೀಪಿಂಗ್ ಬ್ಯಾಗ್ ಹಾಕಬೇಕು. ಮೊಣಕಾಲು ನೋವಿರುವ ಹಿರಿಯರಿಗೆ ಮಡಿಸುವ ಮಂಚ ಅತ್ಯಗತ್ಯ, ಏಕೆಂದರೆ ಅವರಿಗೆ ಮಲಗುವುದಕ್ಕಿಂತ ನೆಲದಿಂದ ಏಳುವುದು ಕಷ್ಟ. ಮಂಚದ ಕೆಳಗೆ ತಣ್ಣನೆಯ ಗಾಳಿಯಾಡುವುದರಿಂದ ಅದರ ಮೇಲೂ ಫೋಮ್ ಹಾಸಲೇಬೇಕು. ಎಲ್ಲರಿಗೂ ಉಣ್ಣೆಯ ಟೋಪಿ, ಒಣಗಿದ ದಪ್ಪ ಕಾಲುಚೀಲ, ಮಲಗುವುದಕ್ಕೆಂದೇ ಒಂದು ಜೊತೆ ಬಟ್ಟೆ ಬೇರೆಯಾಗಿರಲಿ. ಹಗಲು ತೊಟ್ಟು ಬೆವರಿದ ಬಟ್ಟೆಯಲ್ಲೇ ಮಲಗಿದರೆ ಚಳಿ ಬಿಡುವುದಿಲ್ಲ.

ಟೆಂಟ್ ಕೊಳ್ಳುವಾಗ ನಾಲ್ಕು ಜನರ ಟೆಂಟ್ ಎಂದು ಬರೆದಿರುವುದು ನಾಲ್ವರು ಒತ್ತೊತ್ತಾಗಿ ಮಲಗುವ ಲೆಕ್ಕ. ನಾಲ್ವರ ಸಂಸಾರಕ್ಕೆ ಆರು ಜನರ ಟೆಂಟ್ ಬೇಕು. ಹೊರಡುವ ವಾರಕ್ಕೆ ಮೊದಲು ಮನೆಯ ಹಿತ್ತಿಲಲ್ಲೋ ಹತ್ತಿರದ ಪಾರ್ಕಿನಲ್ಲೋ ಒಮ್ಮೆ ಅದನ್ನು ನಿಲ್ಲಿಸಿ ನೋಡಿ. ಪ್ರತಿಯೊಬ್ಬರಿಗೂ, ಮಕ್ಕಳಿಗೂ ಸಹ, ಹಣೆಗೆ ಕಟ್ಟುವ ದೀಪ ಒಂದೊಂದಿರಲಿ. ತನ್ನದೇ ದೀಪವಿರುವ ಮಗುವಿಗೆ ಕತ್ತಲಿನ ಹೆದರಿಕೆ ಅರ್ಧ ಕಡಿಮೆಯಾಗುತ್ತದೆ.

ಸೊಳ್ಳೆ-ನೊಣಗಳಿಗೆ ಐಕ್ಯಾರಿಡಿನ್ ಅಥವಾ ಡೀಟ್ ಇರುವ ಲೇಪನ ಬೇಕು. ಕೆನಡಾದ ಆರೋಗ್ಯ ಇಲಾಖೆಯ ಸಲಹೆಯಂತೆ ಆರು ತಿಂಗಳೊಳಗಿನ ಕೂಸಿಗೆ ಇಂಥದ್ದೇನನ್ನೂ ಹಚ್ಚಬಾರದು, ಬಲೆಯನ್ನೇ ಬಳಸಬೇಕು. ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ ಡೀಟ್ ಪ್ರಮಾಣ ಶೇ. 10 ಮೀರಬಾರದು. ಕಡುಬಣ್ಣದ ಬಟ್ಟೆಗೆ ನೊಣಗಳು ಹೆಚ್ಚು ಮುತ್ತುವುದರಿಂದ ತಿಳಿಬಣ್ಣದ, ಮೈತುಂಬ ಮುಚ್ಚುವ ಬಟ್ಟೆ ಒಳ್ಳೆಯದು.

ಭಾರತದಿಂದ ಬಂದ ಹಿರಿಯರ ಪ್ರಯಾಣ ವಿಮೆಯ ಕಾಗದ, ಅವರ ಔಷಧಿಗಳು ಮತ್ತು ಅವುಗಳ ಹೆಸರಿನ ಪಟ್ಟಿ ಒಂದೇ ಚೀಲದಲ್ಲಿರಲಿ. ಸಂದರ್ಶಕರಿಗೆ ಪ್ರಾಂತ್ಯದ ಆರೋಗ್ಯ ವಿಮೆ ಅನ್ವಯಿಸುವುದಿಲ್ಲ. ಹತ್ತಿರದ ಆಸ್ಪತ್ರೆಗಳಿರುವುದು ಪಶ್ಚಿಮಕ್ಕೆ ಹಂಟ್ಸ್‌ವಿಲ್‌ನಲ್ಲಿ, ಪೂರ್ವಕ್ಕೆ ಬ್ಯಾರಿಸ್ ಬೇಯಲ್ಲಿ; ಟೂ ರಿವರ್ಸ್‌ನಿಂದ ಹಂಟ್ಸ್‌ವಿಲ್‌ಗೆ ಕಾರಿನಲ್ಲಿ ಹೆಚ್ಚು ಕಡಿಮೆ ಒಂದು ಗಂಟೆಯ ದಾರಿ. ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಅದನ್ನು ಬಟ್ಟೆಯಲ್ಲಿ ಸುತ್ತಿ, ಮಂಜುಗಡ್ಡೆಗೆ ನೇರವಾಗಿ ತಾಗದಂತೆ ಕೂಲರಿನಲ್ಲಿಡಬೇಕು. ಹೆಪ್ಪುಗಟ್ಟಿದ ಇನ್ಸುಲಿನ್ ಪ್ರಯೋಜನಕ್ಕೆ ಬಾರದು.

ಹೊರಡುವುದು, ಟೆಂಟ್ ಹಾಕುವುದು

ಟೊರಾಂಟೊದಿಂದ ಹೆದ್ದಾರಿ 400, ಆಮೇಲೆ 11, ಹಂಟ್ಸ್‌ವಿಲ್ ಬಳಿ 60 ಹಿಡಿದರೆ ಮೂರರಿಂದ ಮೂರೂವರೆ ಗಂಟೆಯಲ್ಲಿ ಪಶ್ಚಿಮ ದ್ವಾರ ಸಿಗುತ್ತದೆ. ಶುಕ್ರವಾರ ಸಂಜೆ ಈ ರಸ್ತೆ ಕಿಕ್ಕಿರಿದಿರುತ್ತದೆ. ಹಂಟ್ಸ್‌ವಿಲ್‌ನಲ್ಲಿ ಪೆಟ್ರೋಲ್ ತುಂಬಿಸಿ, ಹಾಲು, ಮೊಸರು, ಮಂಜುಗಡ್ಡೆ ಕೊಂಡು, ಫೋನಿನಲ್ಲಿ ನಕ್ಷೆ ಮತ್ತು ಕಾಯ್ದಿರಿಸಿದ ಪತ್ರವನ್ನು ಇಳಿಸಿಕೊಳ್ಳಿ, ಮುಂದೆ ಫೋನಿನ ಸಂಪರ್ಕವನ್ನು ನಂಬುವಂತಿಲ್ಲ. ಜಾಗ ನಿಮ್ಮ ಕೈಗೆ ಸಿಗುವುದು ಮಧ್ಯಾಹ್ನ ಎರಡಕ್ಕೆ. ಆ ಹೊತ್ತಿಗೇ ತಲುಪುವಂತೆ ಹೊರಡಿ. ಕತ್ತಲಾದ ಮೇಲೆ ಟೆಂಟ್ ಕಟ್ಟುವುದು ಕಷ್ಟ, ಮುಸ್ಸಂಜೆಯ ರಸ್ತೆಯಲ್ಲಿ ಮೂಸ್ ಅಡ್ಡ ಬರುವ ಅಪಾಯವೂ ಇದೆ. ಎತ್ತರದ ಕಾಲುಗಳ ಆ ಪ್ರಾಣಿಯ ಕಣ್ಣು ಕಾರಿನ ದೀಪದ ಬೆಳಕಿಗಿಂತ ಮೇಲಿರುವುದರಿಂದ ಹೊಳೆದು ಕಾಣುವುದಿಲ್ಲ.

ಜಾಗ ತಲುಪಿದ ಕೂಡಲೇ ಮೊದಲು ತಲೆಯೆತ್ತಿ ನೋಡಿ. ಒಣಗಿದ ಮರ ಅಥವಾ ಮುರಿದು ತೂಗುತ್ತಿರುವ ಕೊಂಬೆಯ ಕೆಳಗೆ ಟೆಂಟ್ ಹಾಕಬಾರದು. ಆಮೇಲೆ ನೆಲ ನೋಡಿ. ತಗ್ಗಿನಲ್ಲಿ ಮಳೆನೀರು ನಿಲ್ಲುತ್ತದೆ. ತುಸು ಉಬ್ಬಿದ ಜಾಗ ಬೇಕು. ಕಲ್ಲು, ಪೈನ್ ಕಾಯಿಗಳನ್ನು ಕೈಯಲ್ಲೇ ಆರಿಸಿ ತೆಗೆದು, ಕೆಳಗೊಂದು ತಾಡಪಾಲು ಹಾಸಿ. ಇಲ್ಲೊಂದು ಸೂಕ್ಷ್ಮವಿದೆ. ತಾಡಪಾಲಿನ ಅಂಚು ಟೆಂಟಿನ ತಳದಿಂದ ನಾಲ್ಕು ಬೆರಳು ಹೊರಗೆ ಚಾಚಿಕೊಂಡಿದ್ದರೂ ಸಾಕು, ಟೆಂಟಿನ ಇಳಿಜಾರಿನಿಂದ ಜಾರಿದ ಮಳೆನೀರು ಅದರ ಮೇಲೆ ಬಿದ್ದು, ತಾಡಪಾಲಿಗೂ ಟೆಂಟಿನ ತಳಕ್ಕೂ ನಡುವೆ ಹರಿದು, ಬೆಳಗಾಗುವುದರೊಳಗೆ ಹಾಸಿಗೆಗಳೆಲ್ಲ ಒದ್ದೆಯಾಗುತ್ತವೆ. ಅಂಚುಗಳನ್ನು ಸುತ್ತಲೂ ಒಳಕ್ಕೆ ಮಡಿಸಿ, ಮಡಿಕೆ ಕೆಳಮುಖವಾಗಿರುವಂತೆ ತಳದಡಿ ಸೇರಿಸಬೇಕು. ಆಕಾಶ ಎಷ್ಟೇ ಶುಭ್ರವಾಗಿದ್ದರೂ ಮೇಲಿನ ಮಳೆಹೊದಿಕೆಯನ್ನು ಹಾಕಿಯೇ ಮಲಗಬೇಕು, ಮಳೆ ಬಾರದಿದ್ದರೂ ಸರೋವರದ ದಡದಲ್ಲಿ ಇಬ್ಬನಿ ಬೀಳುತ್ತದೆ. ಒಳಗೆ ಆರು ಜನರ ಉಸಿರಿನ ತೇವ ಹೊರಹೋಗಲು ಮೇಲಿನ ಕಿಂಡಿಗಳು ತೆರೆದಿರಲಿ. ಟೆಂಟಿನೊಳಗೆ ಇದ್ದಿಲು, ಗ್ಯಾಸ್ ಒಲೆ, ಹೀಟರ್ ಯಾವುದನ್ನೂ ಹಚ್ಚಬಾರದು. ಬೆಂಕಿಯ ಭಯವಷ್ಟೇ ಅಲ್ಲ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ.

ಅಡುಗೆ ಮತ್ತು ಕರಡಿ

ಅಲ್ಗೊಂಕ್ವಿನ್ ಕಪ್ಪು ಕರಡಿಗಳ ಕಾಡು. ಅವು ಸಾಮಾನ್ಯವಾಗಿ ಮನುಷ್ಯರಿಂದ ದೂರವೇ ಇರುತ್ತವೆ. ಆದರೆ ಅವುಗಳ ಮೂಗು ಬಹಳ ಚುರುಕು, ಬಿಡಾರದಲ್ಲಿ ಸುಲಭವಾಗಿ ಆಹಾರ ಸಿಗುತ್ತದೆಂದು ಒಮ್ಮೆ ಕಲಿತ ಕರಡಿ ಮತ್ತೆ ಮತ್ತೆ ಬರುತ್ತದೆ. ಹಾಗೆ ರೂಢಿಯಾದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗಿ ಬರಬಹುದು. ಒಂದು ಸಂಸಾರ ಮರೆತ ಬಾಳೆಹಣ್ಣು, ಚಕ್ಕುಲಿ ಡಬ್ಬಿಗಳಿಂದ ಒಂದು ಪ್ರಾಣಿಯ ಜೀವ ಹೋಗಬಾರದೆಂಬ ಕಾಳಜಿ ನಮ್ಮೆಲ್ಲರಿಗೂ ಇರಬೇಕು. ಉದ್ಯಾನದ ನಿಯಮ ಸ್ಪಷ್ಟವಾಗಿದೆ: ನೀವು ಎದುರಿಗಿಲ್ಲದಾಗ ಮತ್ತು ಮಲಗುವಾಗ ಬಿಡಾರದಲ್ಲಿ ವಾಸನೆಯಿರುವ ಏನೂ ಹೊರಗೆ ಇರಕೂಡದು. ಆಹಾರ, ಕೂಲರ್, ಒಲೆ, ಪಾತ್ರೆ, ಪಾತ್ರೆ ತೊಳೆದ ನೀರಿನ ಬೋಗುಣಿ, ಕಸದ ಚೀಲ, ಎಲ್ಲವೂ ಕಾರಿನೊಳಗೆ ಹೋಗಿ, ಗಾಜು ಏರಿಸಿ, ಬೀಗ ಹಾಕಬೇಕು. ನಮ್ಮ ಮನೆಗಳವರು ಆಹಾರವೆಂದು ಎಣಿಸದ ಕೆಲವು ವಸ್ತುಗಳೂ ಈ ಪಟ್ಟಿಗೆ ಸೇರುತ್ತವೆ: ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ, ಸೋಪು, ಟೂತ್‌ಪೇಸ್ಟ್, ಅಜ್ಜನ ಜೇಬಿನ ಅಡಿಕೆ-ಸೋಂಪಿನ ಪೊಟ್ಟಣ, ಮಗುವಿನ ಹಾಲಿನ ಬಾಟಲಿ. ಟೆಂಟಿನೊಳಗೆ ನೀರಿನ ಹೊರತು ಇನ್ನೇನೂ ಬೇಡ. ಕರಡಿ ಬಾರದಿದ್ದರೂ ರಕೂನ್, ಅಳಿಲು ಬಂದೇ ಬರುತ್ತವೆ. ಕೂಲರಿನ ಮುಚ್ಚಳ ತೆಗೆಯುವುದು ರಕೂನಿಗೆ ಕಷ್ಟವೇನಲ್ಲ.

ಇದಕ್ಕೆ ಅನುಕೂಲವಾಗುವಂತೆ ಅಡುಗೆಯನ್ನೂ ಯೋಜಿಸಬೇಕು. ರಾತ್ರಿಯೂಟ ಏಳರೊಳಗೆ ಮುಗಿದರೆ ಪಾತ್ರೆ ತೊಳೆದು ಎಲ್ಲವನ್ನೂ ಬೆಳಕಿರುವಾಗಲೇ ಕಾರಿಗೆ ಸೇರಿಸಬಹುದು. ಒಗ್ಗರಣೆಯ ಎಣ್ಣೆ ಸಿಡಿದು ಬಟ್ಟೆಗೆ, ನೆಲಕ್ಕೆ ಹತ್ತಿದರೆ ವಾಸನೆ ಸುಲಭವಾಗಿ ಹೋಗದು, ಆದ್ದರಿಂದ ಒಗ್ಗರಣೆಯ ಕೆಲಸವನ್ನು ಮನೆಯಲ್ಲೇ ಮುಗಿಸಿಕೊಂಡು ಬರುವುದು ಲೇಸು. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಒಗ್ಗರಣೆ ಸೇರಿಸಿ ಹುರಿದಿಟ್ಟ ಉಪ್ಪಿಟ್ಟಿನ ರವೆ, ಗಟ್ಟಿ ಅವಲಕ್ಕಿ, ಮನೆಯಲ್ಲೇ ಮಾಡಿ ತಂದ ಚಪಾತಿ, ಇವಿಷ್ಟಿದ್ದರೆ ಅಲ್ಲಿ ಅನ್ನ ಮತ್ತು ಬಿಸಿನೀರಷ್ಟೇ ಮಾಡಿಕೊಂಡು ಎರಡು ದಿನ ಸೊಗಸಾಗಿ ಕಳೆಯಬಹುದು. ಮೊದಲ ದಿನದ ಸಾರು ಅಥವಾ ಬಿಸಿಬೇಳೆಬಾತನ್ನು ಫ್ರೀಜರಿನಲ್ಲಿ ಗಟ್ಟಿ ಮಾಡಿ ಒಯ್ದರೆ ಅದೇ ಕೂಲರಿಗೆ ಮಂಜುಗಡ್ಡೆಯ ಕೆಲಸವನ್ನೂ ಮಾಡುತ್ತದೆ.

ಕೆಂಡದ ಮೇಲೆ ಮಾಡಲೇಬೇಕಾದ ಒಂದು ಅಡುಗೆಯೆಂದರೆ ಸುಟ್ಟ ಬದನೆಕಾಯಿ ಗೊಜ್ಜು. ಉರಿ ಇಳಿದು ಕೆಂಡವಾಗುವವರೆಗೆ ಕಾಯಬೇಕು, ಉರಿಯಲ್ಲಿಟ್ಟರೆ ಸಿಪ್ಪೆ ಕರಕಲಾಗಿ ಒಳಗು ಹಸಿಯೇ ಉಳಿಯುತ್ತದೆ. ದುಂಡು ಬದನೆಗೆ ನಾಲ್ಕು ಕಡೆ ಚುಚ್ಚಿ, ಎಣ್ಣೆ ಸವರಿ, ಕಬ್ಬಿಣದ ಜಾಲರಿಯ ಮೇಲಿಟ್ಟು ಆಗಾಗ ತಿರುಗಿಸುತ್ತಿದ್ದರೆ, ಸಿಪ್ಪೆ ಸುಕ್ಕುಗಟ್ಟಿ ಬಿರಿದು, ತೊಟ್ಟಿನ ಬುಡದಿಂದ ರಸ ಜಿನುಗಿ ಕೆಂಡದ ಮೇಲೆ ಚುಯ್ಯೆನ್ನುತ್ತದೆ. ತೊಟ್ಟು ಹಿಡಿದೆತ್ತಿದಾಗ ಕಾಯಿ ಮೆತ್ತಗೆ ಜೋತುಬಿದ್ದರೆ ಹದವಾಯಿತೆಂದು ತಿಳಿಯಬೇಕು. ಸಿಪ್ಪೆ ಸುಲಿದು ಹಿಚುಕಿ, ಈರುಳ್ಳಿ, ಹಸಿಮೆಣಸು, ಉಪ್ಪು, ಮೊಸರು ಬೆರೆಸಿದರೆ ಸಾಕು. ಸುಲಿದ ಸಿಪ್ಪೆಯನ್ನು ಬೆಂಕಿಗೆ ಎಸೆಯಬೇಡಿ; ಅರೆಸುಟ್ಟ ಆಹಾರದ ವಾಸನೆ ಬೂದಿಯಲ್ಲೇ ಉಳಿಯುತ್ತದೆ. ಅದು ಕಸದ ಚೀಲ ಸೇರಿ, ಅಂದೇ ತಾಣದ ದೊಡ್ಡ ಕಸದ ತೊಟ್ಟಿಗೆ ಹೋಗಬೇಕು.

ಪಾತ್ರೆಯನ್ನು ಕುಡಿಯುವ ನೀರಿನ ನಲ್ಲಿಯ ಬಳಿಯಾಗಲಿ ಸರೋವರದಲ್ಲಾಗಲಿ ತೊಳೆಯಬಾರದು. ಬಿಡಾರದಲ್ಲೇ ಬೋಗುಣಿಯಲ್ಲಿ ತೊಳೆದು, ಅಗುಳುಗಳನ್ನು ಸೋಸಿ ಕಸಕ್ಕೆ ಹಾಕಿ, ಆ ನೀರನ್ನು ತಾಣದಲ್ಲಿ ಅದಕ್ಕೆಂದು ಗೊತ್ತುಪಡಿಸಿದ ಜಾಗದಲ್ಲೇ ಚೆಲ್ಲಬೇಕು. ಸೌದೆಯನ್ನು ಮನೆಯಿಂದ ಒಯ್ಯಬೇಡಿ. ಅದರೊಳಗೆ ಅಡಗಿರುವ ಮರಕೊರಕ ಹುಳುಗಳು ಹೊಸ ಕಾಡಿಗೆ ಹಬ್ಬುತ್ತವೆ. ಕಾಡಿನಲ್ಲಿ ಬಿದ್ದ ಕಟ್ಟಿಗೆಯನ್ನು ಆರಿಸುವಂತೆಯೂ ಇಲ್ಲ, ಅಲ್ಲೇ ಮಾರುವ ಕಟ್ಟುಗಳನ್ನು ಕೊಳ್ಳಬೇಕು. ಬೆಂಕಿ ನಿಷೇಧ ಜಾರಿಯಲ್ಲಿದೆಯೇ ಎಂದು ದ್ವಾರದಲ್ಲೇ ಕೇಳಿ. ಮಲಗುವ ಮುನ್ನ ಕೆಂಡಕ್ಕೆ ನೀರು ಸುರಿದು, ಕೋಲಿನಿಂದ ಕದಡಿ, ಮತ್ತೆ ಸುರಿದು, ಅಂಗೈ ಹತ್ತಿರ ಹಿಡಿದರೆ ಬಿಸಿ ತಾಗದಷ್ಟು ಆರಿಸಬೇಕು.

ಒಂದು ವೇಳೆ ಕರಡಿ ಕಂಡರೆ ಓಡಬಾರದು. ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡು, ಅದರ ಕಡೆ ಮುಖ ಮಾಡಿಯೇ ನಿಧಾನವಾಗಿ ಹಿಂದೆ ಸರಿದು ಕಾರಿನೊಳಗೆ ಸೇರಿ. ಅದು ಮುಂದೆ ಬಂದರೆ ಕೈಯೆತ್ತಿ ಗಟ್ಟಿಯಾಗಿ ಕೂಗಿ. ಬಳಿಕ ಉದ್ಯಾನದ ಸಿಬ್ಬಂದಿಗೆ ತಿಳಿಸಿ.

ನೀರಿನಲ್ಲಿ, ದಾರಿಗಳಲ್ಲಿ

ಇಲ್ಲಿನ ದಡದಲ್ಲಿ ಜೀವರಕ್ಷಕರು ಇರುವುದಿಲ್ಲ. ಮಕ್ಕಳು ನೀರಿನಲ್ಲಿರುವಷ್ಟು ಹೊತ್ತೂ ದೊಡ್ಡವರೊಬ್ಬರು ಕೈಗೆಟುಕುವ ದೂರದಲ್ಲಿ ನಿಂತು, ಫೋನ್ ನೋಡದೆ, ಅದೊಂದೇ ಕೆಲಸ ಮಾಡಬೇಕು. ಗಂಟೆಗೊಮ್ಮೆ ಸರದಿ ಬದಲಿಸಿಕೊಳ್ಳಿ. ಕಯಾಕ್, ಕನೂ ದೋಣಿಗಳು ಬಾಡಿಗೆಗೆ ಸಿಗುತ್ತವೆ. ದೋಣಿಯಲ್ಲಿರುವ ಪ್ರತಿಯೊಬ್ಬರಿಗೂ ಅಳತೆಗೆ ಸರಿಯಾದ ಜೀವರಕ್ಷಕ ಅಂಗಿ ಇರಬೇಕೆಂಬುದು ಕಾನೂನು. ಅದು ದೋಣಿಯಲ್ಲಿದ್ದರೆ ಸಾಲದು, ಮೈಮೇಲಿರಬೇಕು. ನಮ್ಮ ತಲೆಮಾರಿನ ಬಹಳಷ್ಟು ಜನರಿಗೆ ಮತ್ತು ನಮ್ಮ ಹಿರಿಯರಿಗೆ ಈಜು ಬಾರದು. ಅಜ್ಜಿಗೂ ಅಂಗಿ ತೊಡಿಸಿ, ನಡುವೆ ಕೂರಿಸಿ, ದಡದ ಗುಂಟವೇ ಹೋಗಿ. ಬೆಳಿಗ್ಗೆ ನೀರು ಅಲುಗಾಡದೆ ಇರುತ್ತದೆ, ಮಧ್ಯಾಹ್ನದ ಮೇಲೆ ಗಾಳಿಯೇಳುವುದು ಹೆಚ್ಚು. ಆದ್ದರಿಂದ ದೋಣಿವಿಹಾರ ಹತ್ತು ಗಂಟೆಯೊಳಗೆ ಮುಗಿಯಲಿ.

ನಡಿಗೆಗೆ, ಹಿರಿಯರಿಗೂ ಪುಟ್ಟವರಿಗೂ ಹೊಂದುವುದು ಸ್ಪ್ರೂಸ್ ಬಾಗ್‌ನ ಹಲಗೆ ದಾರಿ. ಜೌಗಿನ ಮೇಲೆ ಹಾಸಿದ ಹಲಗೆಗಳ ಮೇಲೆ ನಡೆಯುವ ಸುಮಾರು ಒಂದೂವರೆ ಕಿಲೋಮೀಟರಿನ ಸುತ್ತು ಅದು. ಏರು ಹತ್ತಬಲ್ಲವರಿಗೆ ಎರಡು ಕಿಲೋಮೀಟರ್ ಚಿಲ್ಲರೆಯ ಲುಕೌಟ್ ದಾರಿಯಿದೆ. ಮೇಲಿನ ಬಂಡೆಗಳಿಗೆ ಕಟಾಂಜನವಿಲ್ಲ, ಮಕ್ಕಳ ಕೈ ಬಿಡಬೇಡಿ. ಸೈಕಲ್ ಇದ್ದರೆ ಬಿಡಾರದ ಬಳಿಯೇ ಹಾದುಹೋಗುವ ಹಳೆಯ ರೈಲು ಹಾದಿ ಹೆಚ್ಚಾಗಿ ಸಮತಟ್ಟಾಗಿರುವುದರಿಂದ ಹತ್ತು ವರ್ಷದ ಮಕ್ಕಳಿಗೂ ಆದೀತು. ಮಳೆ ಹಿಡಿದರೆ 43ನೇ ಕಿಲೋಮೀಟರಿನ ಸಂದರ್ಶಕರ ಕೇಂದ್ರದಲ್ಲಿ ಅರ್ಧ ದಿನ ಸುಖವಾಗಿ ಕಳೆಯುತ್ತದೆ. ಚಿತ್ರಕಲೆಯ ಆಸಕ್ತಿಯಿರುವವರು ಕನೂ ಲೇಕ್‌ಗೆ ಹೋಗಿ ಬರಬೇಕು. ಕೆನಡಾದ ಭೂದೃಶ್ಯ ಚಿತ್ರಕಲೆಗೆ ಹೊಸ ದಾರಿ ತೋರಿದ ಟಾಮ್ ಥಾಮ್ಸನ್ ಈ ಕಾಡನ್ನೇ ಬರೆದವರು; 1917ರ ಜುಲೈನಲ್ಲಿ ಅವರು ತೀರಿಕೊಂಡದ್ದೂ ಆ ಸರೋವರದಲ್ಲೇ.

ರಾತ್ರಿ ಗುಂಪಾಗಿ ಹಾಡುವ, ಅಂತ್ಯಾಕ್ಷರಿ ಆಡುವ ಅಭ್ಯಾಸ ನಮ್ಮಲ್ಲಿ ಹೆಚ್ಚು. ಅಕ್ಕಪಕ್ಕದವರಿಗೆ ಕೇಳುವ ಸದ್ದಿಗೆ ಇಲ್ಲಿ ಯಾವ ಹೊತ್ತಿನಲ್ಲೂ ಅವಕಾಶವಿಲ್ಲ. ಸ್ಪೀಕರ್ ಮನೆಯಲ್ಲೇ ಇರಲಿ. ಸದ್ದಿಲ್ಲದೆ ಕೂತರೆ ಲೂನ್ ಹಕ್ಕಿಯ ನೀಳವಾದ ಕೂಗು ಮಕ್ಕಳಿಗೂ ಕೇಳಿಸುತ್ತದೆ. ಒಂದು ಡಾಲರ್ ನಾಣ್ಯದ ಮೇಲಿರುವ ಹಕ್ಕಿ ಅದೇ ಎಂದು ಅವರಿಗೆ ಹೇಳಿ.

ಹಿಂದಿರುಗುವ ದಿನ

ಮಧ್ಯಾಹ್ನ ಎರಡಕ್ಕೆ ಜಾಗ ಬಿಟ್ಟುಕೊಡಬೇಕು. ಎದ್ದ ಕೂಡಲೇ ಟೆಂಟಿನ ಮಳೆಹೊದಿಕೆಯನ್ನು ತೆಗೆದು ಬಿಸಿಲಿಗೆ ಹರವಿದರೆ ತಿಂಡಿ ಮುಗಿಯುವ ಹೊತ್ತಿಗೆ ಒಣಗುತ್ತದೆ. ಮಳೆಯಿದ್ದರೆ ಒದ್ದೆಯಾಗಿಯೇ ಮಡಿಸಿ ತನ್ನಿ, ಆದರೆ ಮನೆ ಸೇರಿದ ದಿನವೇ ಗ್ಯಾರೇಜಿನಲ್ಲೋ ಬಾಲ್ಕನಿಯಲ್ಲೋ ಬಿಚ್ಚಿ ಹಾಕಬೇಕು. ಮಡಿಸಿದ ಸ್ಥಿತಿಯಲ್ಲೇ ಬಿಟ್ಟರೆ ಬೂಷ್ಟು ಹಿಡಿದು ಮುಂದಿನ ವರ್ಷಕ್ಕೆ ಉಪಯೋಗಕ್ಕೆ ಬಾರದಂತಾಗುತ್ತದೆ. ಹೊರಡುವ ಮುನ್ನ ಮಕ್ಕಳೊಂದಿಗೆ ಜಾಗವನ್ನೊಮ್ಮೆ ಸುತ್ತಿ, ನೆಲಕ್ಕೆ ಬಿದ್ದ ಪ್ಲಾಸ್ಟಿಕ್ ಚೂರು, ಹಗ್ಗದ ತುಂಡು, ಟೆಂಟಿನ ಗೂಟಗಳನ್ನು ಆರಿಸಿಕೊಳ್ಳಿ. ಸಂಜೆ ಸ್ನಾನ ಮಾಡಿಸುವಾಗ ಮಕ್ಕಳ ಮಂಡಿಯ ಹಿಂದೆ, ಕಂಕುಳಲ್ಲಿ, ನೆತ್ತಿಯಲ್ಲಿ ರಕ್ತ ಹೀರುವ ಉಣ್ಣಿ ಕಚ್ಚಿಕೊಂಡಿದೆಯೇ ಎಂದು ಸರಿಯಾಗಿ ನೋಡಿ. ಕಂಡುಬಂದರೆ ತುದಿ ಚೂಪಾದ ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರ ಹಿಡಿದು, ತಿರುಚದೆ ನೇರವಾಗಿ ಮೇಲಕ್ಕೆಳೆದು, ಆ ಜಾಗವನ್ನು ಸೋಪಿನಿಂದ ತೊಳೆದು, ದಿನಾಂಕ ಬರೆದಿಟ್ಟುಕೊಂಡು ವೈದ್ಯರಿಗೆ ತಿಳಿಸಬೇಕು.